ರಾತ್ರಿ ಒಂಬತ್ತರ ಮೇಲೆ ಮಗ ಯಾರ ಹತ್ರ ಹೋಗ್ತಾನೆ?

ಮಸ್ಕತ್‌ನಿಂದ ಓದುಗರೊಬ್ಬರು ಬರೆದಿದಾರೆ. ಯಜಮಾನರಿಗೆ ಎರಡು ವರ್ಷಕ್ಕೊಂದು ದೇಶಕ್ಕೆ ಎತ್ತಂಗಡಿ, 13 ವರ್ಷದ ಮಗ ಈಗಾಗ್ಲೇ ನಾಲ್ಕು ಸ್ಕೂಲು ನೋಡಿದಾನೆ, ಹಾಗಾಗಿ ಕೊಡೈಕೆನಾಲ್, ಊಟಿ, ಮಸ್ಸೂರಿ ಕಡೆಯ ಯಾವುದಾದ್ರೂ ಇಂಟರ್‌ನ್ಯಾಷನಲ್ ಬೋರ್ಡಿಂಗ್ ಸ್ಕೂಲಿಗೆ ಹಾಕೋಣ ಅಂತ ಯೋಚನೆ. "ಎಲ್ಲ ಬ್ರೋಷರೂ ಒಂದೇ ಥರ ಇವೆ ಸರ್. ಪಾಠ ನಿಜವಾಗ್ಲೂ ಚೆನ್ನಾಗಿದೆಯಾ, ಹುಡುಗನ್ನ ಚೆನ್ನಾಗಿ ನೋಡ್ಕೋತಾರಾ ಅಂತ ತಿಳ್ಕೊಳ್ಳೋದು ಹೇಗೆ? ನಮ್ಮ ಮಾವ ಅಂತೂ ನಾನು ಮಠದ ಹಾಸ್ಟೆಲಲ್ಲಿ ಓದ್ಲಿಲ್ವಾ, ಏನಾಯ್ತೀಗ ಅಂತಾರೆ" ಅಂತ ಕೇಳಿದಾರೆ.

ಮೇಡಂ, ಮೊದಲು ನಿಮ್ಮ ಮಾವನವರ ಮಾತು. ಅವರು ಹೇಳೋದು ಸುಳ್ಳಲ್ಲ, ತುಮಕೂರಿನ ಸಿದ್ದಗಂಗಾ ಮಠದಂಥ ಕಡೆ ಸಾವಿರಾರು ಮಕ್ಕಳು ಓದಿ ಮೇಲೆ ಬಂದಿದಾರೆ. ಆದ್ರೆ ಅವರ ಪಕ್ಕದ ಚಾಪೆಯಲ್ಲಿ ಮಲಗ್ತಿದ್ದ ಹುಡುಗನೂ ಅದೇ ಸೀಮೆಯವನು, ಅದೇ ಕನ್ನಡ, ಅದೇ ಮುದ್ದೆ ಸಾರು, ಜಾತ್ರೆಗೋ ಸಂತೆಗೋ ಊರಿಂದ ಯಾರಾದ್ರೂ ಬಂದು ಮುಖ ನೋಡ್ಕೊಂಡು ಹೋಗ್ತಿದ್ರು. ನಿಮ್ಮ ಮಗನ ಡಾರ್ಮ್‌ನಲ್ಲಿ ಕೊರಿಯಾದವನೊಬ್ಬ, ಭೂತಾನದವನೊಬ್ಬ, ದೆಹಲಿಯವನೊಬ್ಬ ಇರಬಹುದು, ಅದು ಅವನಿಗೆ ಲಾಭವೇ, ಆದ್ರೆ ರಾತ್ರಿ ಮನಸ್ಸು ಕೆಟ್ಟಾಗ ಯಾರ ಹತ್ರ ಹೋಗಿ ಹೇಳ್ಕೋತಾನೆ, ಹೇಳಿದ್ಮೇಲೆ ಅವರು ಏನು ಮಾಡ್ತಾರೆ? ಬೋರ್ಡಿಂಗ್ ಸ್ಕೂಲ್ ನೋಡೋಕೆ ಹೋದವರು ಮೊದಲು ಕೇಳಬೇಕಾದ್ದು ಇದನ್ನೇ ಅಂತ ನಾನು ನಂಬಿದೀನಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಂದ್ರೆ ನಮ್ಮ ಮನೇಲೇ ಆಗಿದೆ. ನನ್ನ ತಂಗಿ ಮಗನ್ನ ಒಂದು ಬೆಟ್ಟದೂರಿನ ಸ್ಕೂಲಿಗೆ ಹಾಕಿದ್ರು, ಹೆಸರು ಬೇಡ. ಭಾನುವಾರ ಫೋನ್ ಬರ್ತಿತ್ತು, "ಚೆನ್ನಾಗಿದೀನಿ, ಊಟ ಆಯ್ತು, ಇಡ್ತೀನಿ", ಅಷ್ಟೇ. ದಸರಾ ರಜಕ್ಕೆ ಬಂದಾಗ ಟ್ರಂಕ್ ತೆಗೆದ್ರೆ ಕಳಿಸಿದ್ದ ನಾಲ್ಕು ಸ್ವೆಟರಲ್ಲಿ ಒಂದೇ ಇತ್ತು, ಅದರ ಕಾಲರಿಗೆ ಹೊಲಿದಿದ್ದ ಲಾಂಡ್ರಿ ನಂಬರ್ ಕೂಡ ಇವನದಲ್ಲ. ಚಕ್ಕುಲಿ ಡಬ್ಬ ಮೊದಲ ರಾತ್ರಿಯೇ ಸೀನಿಯರ್‌ಗಳು ಖಾಲಿ ಮಾಡಿದ್ರಂತೆ, ಕೇಳಿದ್ದಕ್ಕೆ ಹೊಡೆದಿದ್ರಂತೆ. ಇಷ್ಟು ದಿನ ಯಾಕೋ ಹೇಳ್ಲಿಲ್ಲ ಅಂದ್ರೆ ತಲೆ ತಗ್ಗಿಸ್ಕೊಂಡು, "ಫೋನ್ ಇರೋದು ವಾರ್ಡನ್ ರೂಮಲ್ಲಿ ಮಾಮ, ಅವರು ಅಲ್ಲೇ ಕೂತಿರ್ತಾರೆ" ಅಂದ. ವಾರ್ಡನ್‌ಗೆ ಒಂದ್ಸಲ ಹೇಳಿದ್ನಂತೆ, ಗಂಡು ಹುಡುಗ ಅಲ್ವಾ ಅಡ್ಜಸ್ಟ್ ಮಾಡ್ಕೋ ಅಂದ್ರಂತೆ.

ಮುಂದಿನ ವರ್ಷ ಬೇರೆ ಸ್ಕೂಲ್ ನೋಡೋಕೆ ತಂಗಿ ಜೊತೆ ನಾನೂ ಹೋದೆ, ಹಟ ಮಾಡಿ ರಾತ್ರಿ ಒಂಬತ್ತಕ್ಕೆ ಡಾರ್ಮ್ ತೋರಿಸಿ ಅಂದ್ವಿ, ತೋರಿಸಿದ್ರು. ಅಲ್ಲಿನ ಡಾರ್ಮ್ ಪೇರೆಂಟ್, ಅಂದ್ರೆ ಡಾರ್ಮ್ ಮಕ್ಕಳನ್ನ ನೋಡ್ಕೊಳ್ಳೋ ಮೇಡಂ, ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ ಹಿಡ್ಕೊಂಡು ಮಂಚದಿಂದ ಮಂಚಕ್ಕೆ ಹೋಗ್ತಿದ್ರು, ಒಬ್ಬ ಹುಡುಗನ ಪಕ್ಕ ಕೂತು ಮಧ್ಯಾಹ್ನ ಬರೀ ಮೊಸರನ್ನ ತಿಂದ್ಯಂತೆ, ಹೊಟ್ಟೆ ಸರಿ ಇಲ್ವಾ ಅಂತ ಕೇಳಿದ್ರು. ಮೆಸ್ಸಲ್ಲಿ ಆಗಿದ್ದು ರಾತ್ರಿಯೊಳಗೆ ಆಕೆಗೆ ಗೊತ್ತಾಗಿತ್ತು. ಫೋನ್ ಕಾರಿಡಾರ್ ಕೊನೇಲಿ, ಯಾರ ಕಿವಿಗೂ ಬೀಳದ ಜಾಗದಲ್ಲಿ, ಪಕ್ಕದ ಗೋಡೆ ಮೇಲೆ ಕೌನ್ಸೆಲರ್ ನಂಬರ್, ಮಕ್ಕಳ ಸಹಾಯವಾಣಿ 1098. ತಂಗಿ ಆ ಗೋಡೆ ನೋಡಿನೇ ತೀರ್ಮಾನ ಮಾಡಿದ್ಲು.

ಇಂಗ್ಲೆಂಡಲ್ಲಿ ಇಂಥದ್ದನ್ನ ಅದೃಷ್ಟಕ್ಕೆ ಬಿಟ್ಟಿಲ್ಲ. ಬೋರ್ಡಿಂಗ್ ಸ್ಕೂಲುಗಳಿಗೆ ಸರ್ಕಾರದ ಕನಿಷ್ಠ ಮಾನದಂಡ ಅಂತಾನೇ ಇವೆ, 2022ರಲ್ಲಿ ಪರಿಷ್ಕರಿಸಿದ್ರು, ಅದರಲ್ಲಿ ಶಾಲೆಯ ಆಡಳಿತಕ್ಕೆ ಸೇರದ ಹೊರಗಿನ ಒಬ್ಬ ವ್ಯಕ್ತಿ ಇರಬೇಕು, ಮಕ್ಕಳು ಅವರಿಗೆ ನೇರವಾಗಿ ಕಷ್ಟ ಹೇಳ್ಕೊಳ್ಳೋ ಹಾಗಿರಬೇಕು ಅಂತಿದೆ. ಇನ್‌ಸ್ಪೆಕ್ಷನ್ ವರದಿಗಳೂ ಯಾರು ಬೇಕಾದ್ರೂ ಓದೋಕೆ ಸಿಗುತ್ತೆ. ನಮ್ಮ ಕಡೆ ಹಾಗೆ ಮನೇಲಿ ಕೂತು ಓದೋಕೆ ಸಿಗಲ್ಲ, ಸಿಐಎಸ್ (ಕೌನ್ಸಿಲ್ ಆಫ್ ಇಂಟರ್‌ನ್ಯಾಷನಲ್ ಸ್ಕೂಲ್ಸ್) ಥರದ ಅಂತರರಾಷ್ಟ್ರೀಯ ಮಾನ್ಯತೆ ಇದ್ರೆ ಒಳ್ಳೇದೇ, ಆ ಮಾನ್ಯತೆ ಕೊಟ್ಟಾಗ ಬರೆದ ವರದಿಯ ಸಾರಾಂಶ ತೋರಿಸಿ ಅಂತ ಕೇಳಿ. ಜೊತೆಗೆ ನಮ್ಮಲ್ಲಿ 2012ರ ಪೋಕ್ಸೋ ಕಾಯ್ದೆ ಇದೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಕೈಕೆಳಗಿನವರು ಮಾಡಿದ್ದನ್ನ ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ರೆ 1 ವರ್ಷದವರೆಗೆ ಜೈಲು. ಪ್ರಿನ್ಸಿಪಾಲರ ಎದುರು ಕೂತಾಗ ಸಂಕೋಚ ಬಿಟ್ಟು ಕೇಳಿ, ಕೊನೇ ಸಲ ಒಂದು ದೂರು ಬಂದಾಗ ನೀವು ಏನು ಮಾಡಿದ್ರಿ ಅಂತ. ಮಗುವಿನ ಹೆಸರು ಹೇಳದೆ, ಹೀಗೀಗೆ ಮಾಡಿದ್ವಿ ಅಂತ ವಿವರಿಸಿದ್ರೆ ಸಮಾಧಾನ. ನಮ್ಮಲ್ಲಿ ಇವತ್ತಿನವರೆಗೆ ಒಂದೂ ದೂರು ಬಂದಿಲ್ಲ ಅಂದ್ರೆ ನನಗಂತೂ ಹೆದರಿಕೆ ಆಗುತ್ತೆ, ನೂರಾರು ಮಕ್ಕಳು ಒಟ್ಟಿಗೆ ಇರೋ ಕಡೆ ದೂರೇ ಇಲ್ಲ ಅಂದ್ರೆ ಹೇಳೋ ಧೈರ್ಯ ಯಾರಿಗೂ ಇಲ್ಲ ಅಂತಲೇ ಅರ್ಥ ಮಾಡ್ಕೋತೀನಿ.

ಟೀಚರ್‌ಗಳನ್ನ ಹೇಗೆ ತಗೋತಾರೆ ಅನ್ನೋದನ್ನೂ ಬಿಡಬೇಡಿ. ವಿಲಿಯಂ ವೇಹಿ ಅನ್ನೋ ಅಮೆರಿಕದ ಟೀಚರ್‌ಗೆ 1969ರಲ್ಲೇ ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆ ಆಗಿತ್ತು, ಆದ್ರೂ ಅವನು ದಶಕಗಟ್ಟಲೆ ದೇಶದಿಂದ ದೇಶಕ್ಕೆ ಹೋಗಿ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಪಾಠ ಮಾಡಿದ, ವಿಷಯ ಹೊರಗೆ ಬಂದಿದ್ದು 2014ರಲ್ಲಿ. ಅದಾದ್ಮೇಲೇ ಈ ಶಾಲೆಗಳ ಸಂಘಟನೆಗಳು ಸೇರಿ ಮಕ್ಕಳ ರಕ್ಷಣೆಗೆ ಅಂತ ಒಂದು ಅಂತರರಾಷ್ಟ್ರೀಯ ಟಾಸ್ಕ್ ಫೋರ್ಸ್ ಮಾಡಿದ್ದು. ಹಾಗಾಗಿ ಹಿಂದೆ ಕೆಲಸ ಮಾಡಿದ ದೇಶಗಳಿಂದೆಲ್ಲ ಪೊಲೀಸ್ ವೆರಿಫಿಕೇಶನ್ ತರಿಸ್ತೀರಾ, ಹಳೇ ಶಾಲೆಗೆ ನೀವೇ ಫೋನ್ ಮಾಡಿ ವಿಚಾರಿಸ್ತೀರಾ, ಡ್ರೈವರ್, ಅಡುಗೆಯವರು, ಕಾವಲಿನವರು ಇವರದ್ದೂ ನೋಡ್ತೀರಾ ಅಂತ ಕೇಳಿ.

ಇನ್ನು ಓದಿನ ವಿಷಯ. ಹಳೇ ಹೆಸರಿಗೆ ಬೆಲೆ ಇದೆ, ಇಲ್ಲ ಅನ್ನಲ್ಲ, ಮಸ್ಸೂರಿಯ ವುಡ್‌ಸ್ಟಾಕ್ 1854ರದ್ದು, ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್ 1901ರದ್ದು, 1976ರಲ್ಲಿ ಇಂಡಿಯಾದಲ್ಲೇ ಮೊದಲು ಐಬಿ, ಅಂದ್ರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯಟ್ ಅನ್ನೋ ಅಂತರರಾಷ್ಟ್ರೀಯ ಪಠ್ಯಕ್ರಮ ತಂದಿದ್ದೂ ಅದೇ. ಆದ್ರೆ ಈಗ ನಿಮ್ಮ ಮಗನಿಗೆ ಪಾಠ ಮಾಡೋರು ಯಾರು, ಅವರು ಎಷ್ಟು ವರ್ಷದಿಂದ ಅಲ್ಲಿದಾರೆ? ಎರಡು ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಬಂದು ಹೋಗೋ ಟೀಚರ್‌ಗಳೇ ಜಾಸ್ತಿ ಇದ್ರೆ ಮಕ್ಕಳಿಗೆ ಪಾಠವೂ ತುಂಡು ತುಂಡು, ನೆಚ್ಚಿಕೊಂಡ ಮನುಷ್ಯರೂ ಕೈಬಿಟ್ಟು ಹೋಗ್ತಿರ್ತಾರೆ, ನಾಲ್ಕು ಸ್ಕೂಲು ಬದಲಾಯಿಸಿದ ಹುಡುಗನಿಗೆ ಇದು ಇನ್ನೂ ಕಷ್ಟ. ರಿಸಲ್ಟ್ ಕೇಳುವಾಗ ಟಾಪರ್ ಫೋಟೋಗೆ ಮರುಳಾಗಬೇಡಿ. ಐಬಿ ಡಿಪ್ಲೊಮಾದಲ್ಲಿ 6 ವಿಷಯಕ್ಕೆ ತಲಾ 7, ಎಕ್ಸ್‌ಟೆಂಡೆಡ್ ಎಸ್ಸೆ ಅನ್ನೋ ದೊಡ್ಡ ಪ್ರಬಂಧ ಮತ್ತು ಟಿಓಕೆ (ಥಿಯರಿ ಆಫ್ ನಾಲೆಡ್ಜ್) ಸೇರಿ 3, ಒಟ್ಟು 45 ಅಂಕ, ಪಾಸಾಗೋಕೆ ಕನಿಷ್ಠ 24 ಬೇಕು, ಜಗತ್ತಿನ ಸರಾಸರಿ 30ರ ಆಸುಪಾಸು. ಕಳೆದ ಮೂರು ವರ್ಷದ ಸರಾಸರಿ ಎಷ್ಟು, ಪೂರ್ತಿ ಡಿಪ್ಲೊಮಾಗೆ ಎಷ್ಟು ಜನ ಕೂತಿದ್ರು, ಓದಲ್ಲಿ ಹಿಂದಿದ್ದವರನ್ನ ಡಿಪ್ಲೊಮಾ ಬಿಡಿಸಿ, ಬಿಡಿ ವಿಷಯಗಳಿಗೆ ಕೊಡೋ ಬರೀ ಕೋರ್ಸ್ ಸರ್ಟಿಫಿಕೇಟ್ ಕಡೆಗೆ ತಳ್ಳಿದ್ರಾ, ಈ ಮೂರೂ ಕೇಳಿದ್ರೆ ಚಿತ್ರ ಸರಿಯಾಗಿ ಕಾಣುತ್ತೆ.

ನೀವು ಪತ್ರದ ಕೊನೇಲಿ ಮುಂದೆ ಬೆಂಗಳೂರಲ್ಲೇ ಇಂಜಿನಿಯರಿಂಗೋ ಮೆಡಿಕಲ್ಲೋ ಓದಿಸಬಹುದು ಅಂದಿದೀರಿ, ಅದಕ್ಕೊಂದು ಎಚ್ಚರಿಕೆ. ಐಬಿ ಪರೀಕ್ಷೆ ನಡೆಯೋ ಮೇ ತಿಂಗಳಲ್ಲೇ ಸಾಮಾನ್ಯವಾಗಿ ನೀಟ್, ಅದಕ್ಕೂ ಮೊದಲೇ ಸಿಇಟಿ, ಐಬಿ ರಿಸಲ್ಟ್ ಬರೋದು ಜುಲೈ ಮೊದಲ ವಾರ. ಸಿಇಟಿ ಸರ್ಕಾರಿ ಸೀಟಿಗೆ ಮುಖ್ಯ ನಿಯಮ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಅನ್ನೋದು, ಬೇರೆ ಕೆಲವು ದಾರಿಗಳೂ ಇವೆ, ಸಿಇಟಿ ನಡೆಸೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಿಯಮಾವಳಿ ಈಗಲೇ ಓದಿ, ಆಮೇಲೆ ಒದ್ದಾಡಬೇಡಿ.

ಓಪನ್ ಡೇ ದಿನ ಹೋಗಬೇಡಿ. ಜುಲೈ ಮಳೇಲಿ, ಬಟ್ಟೆ ಒಣಗದೆ ಡಾರ್ಮೆಲ್ಲ ಮುಗ್ಗಲು ವಾಸನೆ ಬರೋ ವಾರದ ಮಧ್ಯ ಹೋಗಿ. ಸಿಕ್ ರೂಮ್ ನೋಡಿ, ರಾತ್ರಿ ನರ್ಸ್ ಇರ್ತಾರಾ ಕೇಳಿ, ಮೆಸ್ಸಲ್ಲಿ ಮಕ್ಕಳ ಜೊತೆ ಊಟ ಮಾಡಿ, ಒಬ್ಬನೇ ಕೂತಿರೋ ಹುಡುಗನ ಹತ್ರ ಯಾರಾದ್ರೂ ದೊಡ್ಡವರು ಹೋಗಿ ಕೂರ್ತಾರಾ ನೋಡಿ. ಮಗನ್ನೂ ಕರ್ಕೊಂಡು ಹೋಗಿ, ಒಂದು ರಾತ್ರಿ ಅಲ್ಲಿನ ಮಕ್ಕಳ ಜೊತೆ ಮಲಗೋಕೆ ಬಿಡ್ತಾರಾ ವಿಚಾರಿಸಿ. ಬೆಳಿಗ್ಗೆ ಅವನು ಏನು ಹೇಳ್ತಾನೋ ಅದನ್ನ ಕೇಳಿಸ್ಕೊಳ್ಳೋವರೆಗೂ ಫೀಸ್ ಕಟ್ಟಬೇಡಿ, ಆಮೇಲೆ ನಮಗೂ ಒಂದು ಸಾಲು ಬರೀರಿ, ಇಲ್ಲೂ ಕಾಯ್ತಿರ್ತೀವಿ.