ವಿಷಯ ಸೂಚಿಸಿ ಎನ್ನುವವರಿಗೆ: ಕುಟುಂಬ ವಿಜ್ಞಾನದ ಪಿಎಚ್‌.ಡಿ. ಕುರಿತು

ಕುಟುಂಬದೊಳಗಿನ ಸಂಬಂಧಗಳನ್ನು ಅಧ್ಯಯನ ಮಾಡುವ ಕುಟುಂಬ ವಿಜ್ಞಾನದಲ್ಲಿ, ಅದರಲ್ಲೂ ಮೈಂಡ್‌ಫುಲ್ ಪೇರೆಂಟಿಂಗ್ ಎನ್ನುವ ಸಾವಧಾನ ಪಾಲನೆಯ ಬಗ್ಗೆ ಸಂಶೋಧನೆ ಮಾಡಬೇಕೆಂದು ಬರೆಯುವವರ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಆ ಪ್ರಶ್ನೆಗೆ ಇಲ್ಲಿ ಒಮ್ಮೆ ವಿವರವಾಗಿ ಉತ್ತರಿಸುತ್ತೇನೆ. ಅರ್ಜಿ ನಮೂನೆ, ಶುಲ್ಕ, ಕೊನೆಯ ದಿನಾಂಕಗಳನ್ನು ದಯವಿಟ್ಟು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲೇ ಓದಿಕೊಳ್ಳಿ.

ಪ್ರಶ್ನೆ: ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ‘ಹದಿಹರೆಯದ ಮಕ್ಕಳ ಪೋಷಕರ ಮೇಲೆ ಧ್ಯಾನದ ಪರಿಣಾಮ’ ಎಂಬ ವಿಷಯದಲ್ಲಿ ಪಿಎಚ್‌.ಡಿ. ಮಾಡುವ ಆಸೆಯಿದೆ. ವಿಷಯ ಸರಿಯಿದೆಯೇ? ಇಲ್ಲದಿದ್ದರೆ ಬೇರೊಂದನ್ನು ಸೂಚಿಸಿ. ಇಲ್ಲಿಯೇ ಸೇರಲೇ, ಅಮೆರಿಕಕ್ಕೆ ಅರ್ಜಿ ಹಾಕಲೇ?

ಉತ್ತರ: ವಿಷಯ ಸೂಚಿಸುವುದಿಲ್ಲ. ಮೊದಲ ವರ್ಷ ವಿಷಯವನ್ನು ಬೇರೆಯವರಿಂದ ಪಡೆದವರು ಮೂರನೆಯ ವರ್ಷ ವಿಶ್ಲೇಷಣೆಯನ್ನೂ ಬೇರೆಯವರಿಂದಲೇ ಮಾಡಿಸುತ್ತಾರೆ. ಆದರೆ ನಿಮ್ಮ ಶೀರ್ಷಿಕೆಯಲ್ಲಿ ಏನು ಕೊರತೆಯಿದೆ ಎಂಬುದನ್ನು ಹೇಳಬಲ್ಲೆ.

ತಾಯಿಯೊಬ್ಬಳು ದಿನವೂ ಧ್ಯಾನಕ್ಕೆ ಕುಳಿತುಕೊಳ್ಳುವುದೇ ಸಾವಧಾನ ಪಾಲನೆ ಎಂದು ನೀವು ಭಾವಿಸಿದಂತಿದೆ. ಜಾನ್ ಕಬಟ್‌-ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಆರಂಭಿಸಿದ 8 ವಾರಗಳ ಸಾವಧಾನದ (ಮೈಂಡ್‌ಫುಲ್‌ನೆಸ್) ತರಬೇತಿ ವ್ಯಕ್ತಿಯ ಒತ್ತಡವನ್ನು ಉದ್ದೇಶಿಸಿದ್ದಾಗಿತ್ತು. ಪಾಲನೆಗೆ ಸಂಬಂಧಿಸಿದಂತೆ ಇಂದು ಎಲ್ಲರೂ ಉಲ್ಲೇಖಿಸುವ ಮಾದರಿಯನ್ನು ಲಾರಿಸಾ ಡಂಕನ್, ಡಗ್ಲಸ್ ಕೋಟ್ಸ್‌ವರ್ತ್ ಮತ್ತು ಮಾರ್ಕ್ ಗ್ರೀನ್‌ಬರ್ಗ್ 2009ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಐದು ಅಂಶಗಳೆಂದರೆ ಮಗುವಿನ ಮಾತನ್ನು ಪೂರ್ಣ ಗಮನವಿಟ್ಟು ಕೇಳುವುದು, ತನ್ನನ್ನೂ ಮಗುವನ್ನೂ ತೀರ್ಪು ಕೊಡದೆ ಒಪ್ಪಿಕೊಳ್ಳುವುದು, ಇಬ್ಬರ ಭಾವನೆಗಳನ್ನೂ ಗುರುತಿಸುವುದು, ಸಿಟ್ಟು ಬಂದ ಗಳಿಗೆಯಲ್ಲಿ ತನ್ನನ್ನು ತಾನು ತಡೆದುಕೊಳ್ಳುವುದು, ಮತ್ತು ಇಬ್ಬರ ಬಗ್ಗೆಯೂ ಕರುಣೆಯಿಂದಿರುವುದು. ಈ ಐದೂ ಇಬ್ಬರ ನಡುವಿನ ಸಂಬಂಧದಲ್ಲಿ ನಡೆಯುವಂಥವು. ಆದ್ದರಿಂದ ತಾಯಿಗೆ ಧ್ಯಾನ ಕಲಿಸಿ, ತಾಯಿಯ ಆತಂಕವನ್ನಷ್ಟೇ ಅಳೆದರೆ ಅದು ಪಾಲನೆಯ ಅಧ್ಯಯನವಾಗುವುದಿಲ್ಲ.

ಇನ್ನು ಅಳತೆಯ ಮಾತು. ನನ್ನ ಮೇಜಿಗೆ ಬರುವ ಪ್ರಸ್ತಾವಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಒಂದು ಗುಂಪಿಗೆ ತರಬೇತಿ, ಇನ್ನೊಂದು ಗುಂಪಿಗೆ ಏನೂ ಇಲ್ಲ, ಕೊನೆಗೆ ಎರಡೂ ಗುಂಪಿನ ತಾಯಂದಿರಿಂದಲೇ ಒಂದು ಪ್ರಶ್ನಾವಳಿ. ವಾರಕ್ಕೊಮ್ಮೆ ನಾಲ್ಕು ಜನರೊಡನೆ ಕುಳಿತು ಮಕ್ಕಳ ಬಗ್ಗೆ ಮಾತನಾಡಿ, ಚಹಾ ಕುಡಿದು ಬಂದರೂ ತಾಯಂದಿರಿಗೆ ಹಗುರವೆನಿಸುತ್ತದೆ. ಹಾಗಿರುವಾಗ ಆ ಹಗುರಿಕೆಗೆ ಸಾವಧಾನದ ಅಭ್ಯಾಸವೇ ಕಾರಣವೆಂದು ಹೇಳಲು ನಿಮ್ಮಲ್ಲಿ ಯಾವ ಆಧಾರವಿರುತ್ತದೆ? ಕೋಟ್ಸ್‌ವರ್ತ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ 432 ಕುಟುಂಬಗಳ ಅಧ್ಯಯನವನ್ನು ಓದಿ. 10ರಿಂದ 14 ವರ್ಷದ ಮಕ್ಕಳಿರುವ ಕುಟುಂಬಗಳಿಗೆಂದು ಮೊದಲೇ ಬಳಕೆಯಲ್ಲಿದ್ದ ಕಾರ್ಯಕ್ರಮವೊಂದಕ್ಕೆ ಅವರು ಸಾವಧಾನದ ಅಭ್ಯಾಸಗಳನ್ನು ಸೇರಿಸಿದರು, ಸೇರಿಸಿದ್ದನ್ನು ಮೂಲ ಕಾರ್ಯಕ್ರಮದೊಡನೆಯೇ ಹೋಲಿಸಿದರು. ಹಲವು ಅಂಶಗಳಲ್ಲಿ ಎರಡೂ ಸರಿಸಮವಾಗಿದ್ದವು. ಹೆಚ್ಚುವರಿ ಲಾಭ ಮುಖ್ಯವಾಗಿ ತಂದೆಯರಲ್ಲಿ ಕಂಡಿತು. ತಾಯಂದಿರನ್ನು ಮಾತ್ರ ಆರಿಸಿಕೊಳ್ಳುವ ನಮ್ಮ ಪ್ರಬಂಧಗಳಿಗೆ ಇಂಥ ಫಲಿತಾಂಶ ಎಂದಿಗೂ ದಕ್ಕುವುದಿಲ್ಲ.

ತಾಯಂದಿರನ್ನಷ್ಟೇ ಕೇಳುವುದರಿಂದ ಇನ್ನೂ ಒಂದು ನಷ್ಟವಿದೆ. ನಿಮ್ಮ ಶಾಲೆಯ ಎಷ್ಟೋ ಮಕ್ಕಳಿಗೆ ಊಟ ಬಡಿಸುವವರು, ಗದರಿಸುವವರು, ಅಪ್ಪನ ಏಟಿನಿಂದ ಬಿಡಿಸುವವರು ಅಜ್ಜಿಯೇ ಆಗಿರಬಹುದು. ಒಬ್ಬ ಪೋಷಕ, ಒಂದು ಮಗು ಎಂಬ ಲೆಕ್ಕದ ಮಾಪನಿಯನ್ನು ಅಂಥ ಮನೆಗೆ ಒಯ್ದರೆ ಅದು ಏನನ್ನು ಅಳೆಯುತ್ತದೆ ಎಂಬುದೇ ನಾಲ್ಕು ವರ್ಷದ ಕೆಲಸ, ಮತ್ತು ಹುಬ್ಬಳ್ಳಿಯಲ್ಲಿರುವ ನೀವು ಅದನ್ನು ಅಮೆರಿಕದ ಮ್ಯಾಡಿಸನ್‌ನಲ್ಲಿರುವ ವಿದ್ಯಾರ್ಥಿಗಿಂತ ಚೆನ್ನಾಗಿ ಮಾಡಬಲ್ಲಿರಿ. (ಇದನ್ನು ವಿಷಯ ಸೂಚನೆ ಎಂದು ತಿಳಿಯಬೇಡಿ.)

ಧ್ಯಾನ ಎಲ್ಲಕ್ಕೂ ಒಳ್ಳೆಯದೇ, ಫಲಿತಾಂಶ ಬಂದೇ ಬರುತ್ತದೆ ಎಂಬ ಧೈರ್ಯದಿಂದ ಹೊರಡಬೇಡಿ. ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಸಾವಧಾನದ ಪಾಠಗಳು ಶಾಲೆಯ ಎಂದಿನ ಕ್ರಮಕ್ಕಿಂತ ಮೇಲೆನಿಸಲಿಲ್ಲ. ನಿಮಗೂ ಅಂಥದೇ ಉತ್ತರ ಬಂದರೆ ಅದನ್ನು ಹಾಗೆಯೇ ಬರೆಯುವ ಮನಸ್ಸಿದೆಯೇ ಎಂದು ಈಗಲೇ ಕೇಳಿಕೊಳ್ಳಿ.

ಎಲ್ಲಿ ಸೇರಬೇಕೆಂಬುದು ಇದರ ನಂತರದ ಮಾತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮತ್ತು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನದ ವಿಭಾಗಗಳಿವೆ. ಗೃಹವಿಜ್ಞಾನದ ಹಿನ್ನೆಲೆಯಿಲ್ಲದವರಿಗೆ ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರವೇಶ ಪರೀಕ್ಷೆ ಪ್ರತ್ಯೇಕವಾದದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ವ್ಯಾಪ್ತಿಯಲ್ಲಿ 2024ರ ಜೂನ್‌ನಿಂದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ (ನೆಟ್) ಅಂಕವನ್ನೇ ಪಿಎಚ್‌.ಡಿ. ಪ್ರವೇಶಕ್ಕೂ ಬಳಸಬಹುದಾಗಿದೆ: ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಕಿರಿಯ ಸಂಶೋಧಕರ ಶಿಷ್ಯವೇತನ (ಜೆಆರ್‌ಎಫ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. 2022ರ ನಿಯಮಗಳಂತೆ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ರಿಯಾಯಿತಿ ಮತ್ತು ಹೆರಿಗೆ ಹಾಗೂ ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆಗೆ ಅವಕಾಶವಿದೆ. ಈ ಕೊನೆಯದನ್ನು ಬಾಯಿಬಿಟ್ಟು ಕೇಳಿ ಪಡೆಯಿರಿ, ತಾನಾಗಿ ಯಾರೂ ಹೇಳುವುದಿಲ್ಲ.

ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್, ವಿಸ್ಕಾನ್ಸಿನ್‌-ಮ್ಯಾಡಿಸನ್, ಮಿನೆಸೋಟ ವಿಶ್ವವಿದ್ಯಾಲಯಗಳು ಈ ಕ್ಷೇತ್ರದಲ್ಲಿ ಹೆಸರಾದವು. ಅಲ್ಲಿ ಬೋಧನೆ ಅಥವಾ ಸಂಶೋಧನೆಯಲ್ಲಿ ಸಹಾಯಕರಾಗಿ ದುಡಿಯುವವರಿಗೆ ಸಾಮಾನ್ಯವಾಗಿ ಶುಲ್ಕ ವಿನಾಯಿತಿಯೂ ಮಾಸಿಕ ವೇತನವೂ ಸಿಗುತ್ತವೆ. ಹಣ ಒದಗಿಸದ ಪ್ರವೇಶವನ್ನು, ಮನೆ ಅಡವಿಟ್ಟಾದರೂ ಹೋಗುತ್ತೇನೆಂಬ ಉತ್ಸಾಹದಲ್ಲಿ, ಒಪ್ಪಿಕೊಳ್ಳಬೇಡಿ. ಅರ್ಜಿಗಳು ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ ಮುಗಿಯುವುದರಿಂದ, ನಿಮ್ಮ ಆಸಕ್ತಿಗೆ ಹೊಂದುವ ಪ್ರಾಧ್ಯಾಪಕರಿಗೆ ಸೆಪ್ಟೆಂಬರ್‌ನಲ್ಲೇ ಬರೆಯಿರಿ, ಅವರ ಎರಡು ಲೇಖನಗಳನ್ನಾದರೂ ಓದಿದ ಮೇಲೆ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸುವವರಿಗೆ ಉತ್ತರ ಬರುವುದಿಲ್ಲ, ಬರಬಾರದು ಕೂಡ.

ಪ್ರಶ್ನೆ: ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಪಿಎಚ್‌.ಡಿ.ಯನ್ನು 18 ತಿಂಗಳಲ್ಲಿ ಕೊಡಿಸುತ್ತೇವೆಂದು ಸಂಸ್ಥೆಯೊಂದು ಹೇಳುತ್ತಿದೆ. ಸೇರಬಹುದೇ?

ಉತ್ತರ: ಬೇಡ. ಇಂಥವುಗಳಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2022ರಲ್ಲೇ ಜಂಟಿಯಾಗಿ ಎಚ್ಚರಿಸಿದ್ದವು.

ಪ್ರಶ್ನೆ: ನನಗೆ 45 ವರ್ಷ. ತಡವಾಯಿತೇ?

ಉತ್ತರ: ಜೆಆರ್‌ಎಫ್‌ಗೆ ಮಾತ್ರ ತಡವಾಗಿದೆ.

ಪ್ರಶ್ನೆ: ಎರಡು ದಿನಗಳ ಶಿಬಿರದಲ್ಲಿ ‘ಮೈಂಡ್‌ಫುಲ್ ಪೇರೆಂಟಿಂಗ್ ಕೋಚ್’ ಪ್ರಮಾಣಪತ್ರ ಪಡೆದಿದ್ದೇನೆ. ಪ್ರವೇಶಕ್ಕೆ ಉಪಯೋಗವಾಗುತ್ತದೆಯೇ? ಪಿಎಚ್‌.ಡಿ. ಆದ ಮೇಲೆ ಚಿಕಿತ್ಸೆ ಕೊಡಬಹುದೇ?

ಉತ್ತರ: ಪ್ರಮಾಣಪತ್ರದಿಂದ ಉಪಯೋಗವಿಲ್ಲ. ಮಕ್ಕಳನ್ನು ಗದರಿಸಲೇಬಾರದು, ನಿಯಮ ಹಾಕಬಾರದು, ಉಸಿರನ್ನು ಗಮನಿಸುತ್ತಿದ್ದರೆ ಮಗುವಿನ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ವಾರದಲ್ಲಿ ವಾಸಿಯಾಗುತ್ತದೆ ಎಂದೆಲ್ಲ ಇಂಥ ಶಿಬಿರಗಳಲ್ಲಿ ಹೇಳಿಕೊಡುತ್ತಾರೆಂದು ಓದುಗರು ಬರೆದಿದ್ದಾರೆ. ಮೊದಲ ಎರಡು ಮಾತುಗಳು ತಪ್ಪು ತಿಳಿವಳಿಕೆ, ಮೂರನೆಯದು ಶುದ್ಧ ಮೋಸ. ಕುಟುಂಬ ವಿಜ್ಞಾನದ ಪಿಎಚ್‌.ಡಿ. ನಿಮ್ಮನ್ನು ಸಂಶೋಧಕರನ್ನಾಗಿಸುತ್ತದೆ, ಚಿಕಿತ್ಸಾ ಮನೋವಿಜ್ಞಾನಿ ಎಂದು ಕರೆದುಕೊಳ್ಳಲು ಬೇಕಾದ ತರಬೇತಿಯೂ ನೋಂದಣಿಯೂ ಬೇರೆ.