ಭಾನುವಾರ ಇದ್ದ ಸಂತೋಷ ಸೋಮವಾರ ಎಲ್ಲಿಗೆ ಹೋಗುತ್ತದೆ?

ನೀವು ಬರೆದಿರುವುದು ಇಷ್ಟು: ವಯಸ್ಸು 29, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ, ಎರಡು ವರ್ಷದಿಂದ ತಪ್ಪದೆ ಚರ್ಚಿಗೆ ಹೋಗುತ್ತಿದ್ದೀರಿ. ಭಾನುವಾರ ಹಾಡುವಾಗ ಮನಸ್ಸು ತುಂಬಿ ಬರುತ್ತದೆ, ಸೋಮವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಖಾಲಿ. ಕ್ರೈಸ್ತ ನಂಬಿಕೆಯಿಂದ ಉಳಿಯುವಂಥ ಸಂತೋಷ ಸಿಕ್ಕವರು ಯಾರಾದರೂ ಇದ್ದಾರಾ, ಇದ್ದರೆ ಹೇಗೆ ಸಿಕ್ಕಿತು ಹೇಳಿ ಎಂದು ಕೇಳಿದ್ದೀರಿ. ನನಗೆ ಸಿಕ್ಕಿದೆ. ಹೇಗೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಎಂದಾದರೆ ಅದನ್ನು ನಂಬಿಕೆಯ ಕೊರತೆ ಎಂದುಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಾನೇ 2017ರಲ್ಲಿ ಎಂಟು ತಿಂಗಳು ಮಾತ್ರೆ ತಗೊಂಡಿದ್ದೇನೆ. ಅದರಿಂದ ನಿದ್ದೆ ಬಂತು, ಎದ್ದು ಓಡಾಡುವ ಶಕ್ತಿ ಬಂತು. ಅದಕ್ಕೂ ದೇವರೇ ಕಾರಣ ಎಂದು ನಾನು ನಂಬುತ್ತೇನೆ. ನೀವು ಕೇಳುತ್ತಿರುವ ಸಂತೋಷ ಮಾತ್ರ ಆಮೇಲೆ, ಬೇರೆ ದಾರಿಯಲ್ಲಿ ಬಂತು.

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ನಮ್ಮಜ್ಜ ಘಟ್ಟದ ಕೆಳಗಿನಿಂದ ಆಗುಂಬೆ ಹತ್ತಿ ಕೂಲಿಗೆ ಬಂದವರು. ಈಗ ನಮಗೆ ಒಂದೂವರೆ ಎಕರೆ ಅಡಿಕೆ ತೋಟ ಇದೆ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು ಇದೆ. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲೂ ಹೊರಗೂ ಕನ್ನಡ. ಸಂಜೆ ಏಳಕ್ಕೆ ಜಪಸರ ತಪ್ಪಿದ ದಿನ ನನ್ನ ನೆನಪಿನಲ್ಲಿಲ್ಲ. 2016ರಲ್ಲಿ ನಮ್ಮ ಯಜಮಾನರು ಬೆಳಿಗ್ಗೆ ತೋಟಕ್ಕೆ ಹೋದವರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದಾಗ ಮರದ ಬುಡದಲ್ಲಿ ಬಿದ್ದಿದ್ದರು, ಜೀವ ಇರಲಿಲ್ಲ. ಆಮೇಲೂ ನಾನು ಜಪಸರ ಬಿಡಲಿಲ್ಲ, ಚರ್ಚಿನ ಪೂಜೆ ತಪ್ಪಿಸಲಿಲ್ಲ. ಬೆರಳ ಸಂದಿಯಲ್ಲಿ ಮಣಿ ಸರಿಯುತ್ತಿತ್ತು, ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಐದು ದಿನದ ಧ್ಯಾನಕೂಟಕ್ಕೆ ಹೋದೆ. ಅಲ್ಲಿ ಅತ್ತೆ, ಹಗುರಾದೆ. ವಾಪಸು ಬಂದು ಮನೆಯ ಬೀಗ ತೆಗೆದ ಕೂಡಲೇ ಎಲ್ಲ ಮೊದಲಿನಂತೆಯೇ. ಮೂರು ವರ್ಷ ಗಡಿಯಾರ ನೋಡಿ ಉಂಡೆನೇ ಹೊರತು ಹಸಿವಾಗಿ ಉಣ್ಣಲಿಲ್ಲ. ಹಾಗಾಗಿ ನಿಮ್ಮ ಸೋಮವಾರ ನನಗೆ ಅರ್ಥವಾಗುತ್ತದೆ.

ನಮ್ಮ ತೋಟದ ಮೇಲ್ಗಡೆ ಇನ್ನೊಂದು ಮನೆ ಇದೆ. ಅವರಿಗೂ ನಮಗೂ ಅಬ್ಬಿ ನೀರಿನ ಜಗಳ. ಗುಡ್ಡದಿಂದ ಇಳಿಯುವ ನೀರಿಗೆ ಅವರು ಮೇಲೆಯೇ ಪೈಪು ಹಾಕಿ ತಿರುಗಿಸಿಕೊಂಡಿದ್ದರು, ಬೇಸಿಗೆಯಲ್ಲಿ ನಮಗೆ ಹನಿ ಬರುತ್ತಿರಲಿಲ್ಲ. ಊರವರು ಕೂತು ಪಂಚಾಯಿತಿ ಮಾಡಿದರು, ಅದೂ ಮುರಿಯಿತು. ಹನ್ನೊಂದು ವರ್ಷ ಮಾತಿಲ್ಲ. ನಮ್ಮ ಯಜಮಾನರ ಮಣ್ಣಿಗೂ ಆ ಮನೆಯಿಂದ ಯಾರೂ ಬರಲಿಲ್ಲ. ಅದನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದೆ.

2019ರ ಜೂನಿನಲ್ಲಿ ಆ ಮನೆಯ ಅಜ್ಜಿ, ಎಂಬತ್ತು ದಾಟಿದವರು, ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದರು. ಮಗ ರಜೆ ಮುಗಿದು ಬೆಂಗಳೂರಿಗೆ ಹೋದ, ಹಳ್ಳದಾಚೆಯ ಒಬ್ಬ ಹೆಂಗಸು ದಿನಾ ಬಂದು ನೋಡಿಕೊಳ್ಳುತ್ತಿದ್ದಳು. ಆಗಸ್ಟ್ ಬಂತು. ತುಂಗೆ ಉಕ್ಕಿ ಶಿವಮೊಗ್ಗ ಪೇಟೆಯ ಬಡಾವಣೆಗಳಿಗೇ ನೀರು ನುಗ್ಗಿದ ವರ್ಷ ಅದು. ನಮ್ಮ ಹಳ್ಳದ ಕಾಲುಸಂಕ ಒಂದೇ ರಾತ್ರಿಗೆ ಕೊಚ್ಚಿಹೋಯಿತು. ಆ ಹೆಂಗಸು ಆಚೆ ದಡದಲ್ಲಿ ಉಳಿದಳು. ಈಚೆ ದಡದಲ್ಲಿ ಅಜ್ಜಿ ಮತ್ತು ನಾನು.

ಬೆಳಿಗ್ಗೆ ಮಗನ ಫೋನು. "ಬಾಯಮ್ಮ, ಯಾವ ಮುಖ ಇಟ್ಕೊಂಡು ಕೇಳ್ಲಿ" ಅಂದ. ನಾನು "ಆಯ್ತು" ಅಂದಷ್ಟೇ ಹೇಳಿ ಇಟ್ಟೆ.

ಪ್ರೀತಿಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಹೋಗದಿದ್ದರೆ ಆ ಜೀವ ಹಸಿದುಕೊಂಡೇ ಮಲಗಿರುತ್ತದೆ, ಆಮೇಲೆ ನನಗೆ ನಿದ್ದೆ ಬರುವುದಿಲ್ಲ ಎಂದು ಹೋದೆ. ಡಬ್ಬಿಯಲ್ಲಿ ಗಂಜಿ, ಜೊತೆಗೆ ಎರಡು ಮಿಡಿ ಉಪ್ಪಿನಕಾಯಿ, ತಲೆ ಮೇಲೆ ಕಂಬಳಿಕೊಪ್ಪೆ. ದರೆ ಹತ್ತುವಾಗ ಬಾಯಿಗೆ ಬಂದ ಪ್ರಾರ್ಥನೆ ಇಷ್ಟೇ: "ಪ್ರಭುವೇ, ಈ ಮನೆಯವರಿಗೆ ಕೊಡಲು ನನ್ನ ಹತ್ತಿರ ಪ್ರೀತಿ ಇಲ್ಲ. ನಿನ್ನದನ್ನೇ ಕೊಡು." ಮೂರು ವರ್ಷದಲ್ಲಿ ನಾನು ಮನಸ್ಸಿಟ್ಟು ಕೇಳಿದ ಮೊದಲ ಪ್ರಾರ್ಥನೆ ಅದು.

ನಾಲ್ಕನೇ ದಿನ ಮೈ ಒರೆಸಲು ಹೊದಿಕೆ ಸರಿಸಿದಾಗ ಅಜ್ಜಿಯ ಕಾಲು ಸರಿಯಾಗಿ ನೋಡಿದೆ. ಬಿದ್ದಾಗಿನಿಂದ ಯಾರೂ ಉಗುರು ತೆಗೆದಿರಲಿಲ್ಲ. ಹೆಬ್ಬೆರಳಿನದು ಹಳದಿಯಾಗಿ ದಪ್ಪಗಟ್ಟಿ, ಕೊಂಬಿನ ಹಾಗೆ ಡೊಂಕಾಗಿ ಪಕ್ಕದ ಬೆರಳನ್ನು ಒತ್ತಿ ಅಲ್ಲಿ ಹುಣ್ಣಾಗಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಅರವತ್ತು ವರ್ಷ ತುಳಿದ ಗದ್ದೆಯ ಕಪ್ಪು. ಬಚ್ಚಲ ಹಂಡೆಯಿಂದ ಬಿಸಿನೀರು ತಂದೆ, ಬೇಸನ್ನಿಗೆ ಹಾಕಿ ಅವರನ್ನು ಮಂಚದ ಅಂಚಿಗೆ ಕೂರಿಸಿ ಕಾಲು ಇಳಿಬಿಡಿಸಿದೆ. ಅಜ್ಜಿ ಕಾಲು ಎಳೆದುಕೊಂಡರು. "ಬ್ಯಾಡ ಮಾರಾಯ್ತಿ, ನೀನು ನನ್ನ ಕಾಲು ಮುಟ್ಟೋದಾ?"

ಕೊನೆಯ ಭೋಜನದ ರಾತ್ರಿ ಪೇತ್ರನೂ ಹೀಗೇ ಅಂದಿದ್ದ. ಯೇಸುಸ್ವಾಮಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯಲು ಬಗ್ಗಿದಾಗ, ನನ್ನ ಕಾಲನ್ನು ನೀವು ತೊಳೆಯುವುದೇ ಬೇಡ ಎಂದು. ಅದರ ನೆನಪಿಗೆ ಪವಿತ್ರ ಗುರುವಾರ ಚರ್ಚಿನಲ್ಲಿ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಹೆಂಗಸರ ಕಾಲನ್ನೂ ತೊಳೆಯಬಹುದು ಎಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ನಿಯಮ ಬದಲಿಸಿದ ಮೇಲೆ, 2018ರಲ್ಲಿ ಆ ಹನ್ನೆರಡರಲ್ಲಿ ನಾನೂ ಕೂತಿದ್ದೆ. ಮನೆಯಲ್ಲೇ ಸೋಪು ಹಾಕಿ ಉಜ್ಜಿ ಹೋಗಿದ್ದೆ, ಎಲ್ಲರೂ ಹಾಗೇ ಬರುತ್ತಾರೆ. ಫಾದರ್ ನೀರು ಹಾಕಿ ಒರೆಸಿದರು, ನನಗೆ ಸಂಕೋಚ ಬಿಟ್ಟರೆ ಬೇರೇನೂ ಅನಿಸಲಿಲ್ಲ. ಆ ವಿಧಿಯ ಅರ್ಥ ಅಜ್ಜಿಯ ಮಂಚದ ಕೆಳಗೆ ಮಣೆ ಹಾಕಿ ಕೂತಾಗ ನನಗೆ ತಿಳಿಯಿತು. ಕೊಳೆ ಇರುವ ಕಾಲು, ನೋಯುವ ಕಾಲು, ನಮಗೆ ಬೇಡವಾದವರ ಕಾಲು.

ಅರ್ಧ ಗಂಟೆ ನೆನೆದ ಮೇಲೆ ಉಗುರು ಮೆತ್ತಗಾಯಿತು. ಹೊಲಿಗೆ ಕತ್ತರಿಯಲ್ಲಿ ಚೂರುಚೂರೇ ತೆಗೆದೆ, ಹುಣ್ಣಿಗೆ ತೆಂಗಿನೆಣ್ಣೆ ಹಚ್ಚಿದೆ. ನಡುವೆ ಅಜ್ಜಿ ಗೋಡೆ ನೋಡುತ್ತ ಹೇಳಿದರು: "ನಿಮ್ಮೋರು ಹೋದ ದಿನ ನಾನು ಸೀರೆ ಉಟ್ಟು ಕೂತಿದ್ದೆ, ಬರಬೇಕು ಅಂತ. ಬಿಡ್ಲಿಲ್ಲ." ಯಾರು ಬಿಡಲಿಲ್ಲ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದು ಜಗಲಿಯಲ್ಲಿ ಕೂತು ಕಾಲಿಗೆ ಕಚ್ಚಿದ ಉಂಬಳ ಕೀಳುತ್ತಿದ್ದೆ. ಆಗ ಹೊಟ್ಟೆ ಹಸಿಯಿತು. ಇದನ್ನು ಓದುವವರಿಗೆ ಅದೇನು ದೊಡ್ಡ ವಿಷಯ ಅನಿಸಬಹುದು. ಮೂರು ವರ್ಷದಿಂದ ಇಲ್ಲದ ಹಸಿವು ಅದು. ಒಲೆಯ ಕೆಂಡದ ಮೇಲೆ ಎರಡು ಒಣಮೀನು ಸುಟ್ಟು, ಗಂಜಿಯ ಜೊತೆ ಚಟಚಟ ಕಡಿದು ತಿಂದೆ, ಇನ್ನೊಂದು ಸಲ ಬಡಿಸಿಕೊಂಡೆ. ಆ ರಾತ್ರಿ ಜಪಸರ ಹಿಡಿದಾಗ ಯಾರೋ ಎದುರು ಕೂತು ಕೇಳುತ್ತಿದ್ದಾರೆ ಅನಿಸಿತು. ಸಂತೋಷ ನನ್ನ ಮನೆಗೆ ವಾಪಸು ಬಂದದ್ದು ಹಾಗೆ. ಇವತ್ತಿಗೂ ಪೂರ್ತಿ ಬಿಟ್ಟು ಹೋಗಿಲ್ಲ.

ಆಮೇಲೆ ಸಂತ ಯೊವಾನ್ನರ ಶುಭಸಂದೇಶದ 15ನೇ ಅಧ್ಯಾಯ ತೆಗೆದು ಓದಿದೆ. ಎಷ್ಟೋ ಸಲ ಓದಿದ್ದೇ. ನನ್ನ ಸಂತೋಷ ನಿಮ್ಮಲ್ಲಿ ಇರಲಿ, ನಿಮ್ಮ ಸಂತೋಷ ಪೂರ್ಣವಾಗಲಿ ಎಂದು ಇದನ್ನೆಲ್ಲ ಹೇಳಿದೆ ಎನ್ನುತ್ತಾರೆ ಯೇಸು, 11ನೇ ವಾಕ್ಯದಲ್ಲಿ. ನಾನು ಯಾವಾಗಲೂ ಅಲ್ಲಿಗೇ ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದೆ. ಮುಂದಿನ ವಾಕ್ಯವೇ, ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವು ಒಬ್ಬರನ್ನೊಬ್ಬರು ಪ್ರೀತಿಸಿ ಎಂಬ ಆಜ್ಞೆ. ಎರಡರ ನಡುವೆ ಉಸಿರು ಬಿಡುವಷ್ಟೂ ಜಾಗ ಇಲ್ಲ. ಹೇಳಿದ್ದು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ, ಅದೇ ಕಾಲು ತೊಳೆದ ರಾತ್ರಿ.

ಆ ಅಧ್ಯಾಯ ಶುರುವಾಗುವುದು ದ್ರಾಕ್ಷಿ ಬಳ್ಳಿಯಿಂದ. ನಮ್ಮಲ್ಲಿ ದ್ರಾಕ್ಷಿ ಇಲ್ಲ, ಮೆಣಸಿನ ಬಳ್ಳಿ ಇದೆ. ಮಳೆಗಾಲದಲ್ಲಿ ಕೊಂಬೆಯೊಂದು ಮುರಿದು ಬೇರೆಯಾದರೂ ಎಲೆ ಎರಡು ದಿನ ಹಸಿರಾಗಿಯೇ ಇರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಅದು ಒಂದು ಅಪಾಯ. ನನ್ನದು ಇನ್ನೊಂದು. ನಾನು ಬಳ್ಳಿಯಲ್ಲೇ ಇದ್ದೆ, ಆದರೆ ಬಂದ ರಸವನ್ನು ಎಲೆಯಲ್ಲೇ ಇಟ್ಟುಕೊಂಡು ಕೂತಿದ್ದೆ. ರಸ ಹರಿಯುವುದು ಕರೆ, ಅಂದರೆ ಮೆಣಸಿನ ಗೊಂಚಲು, ಕಟ್ಟಲಿಕ್ಕೆ, ಬೇರೆಯವರು ಕೊಯ್ದುಕೊಳ್ಳಲಿಕ್ಕೆ.

ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಒಮ್ಮೆ ಕೂತು ಓದಿ, ನಾಲ್ಕೇ ಅಧ್ಯಾಯ. ಸೆರೆಯಲ್ಲಿದ್ದುಕೊಂಡು ಬರೆದದ್ದು, ಆದರೂ ಸಂತೋಷಪಡಿ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದೇ ಫಿಲಿಪ್ಪಿ ಊರಿನಲ್ಲಿ ಮೊದಲೊಮ್ಮೆ ಪೌಲ, ಸೀಲ ಇಬ್ಬರನ್ನೂ ಹೊಡೆದು ಸೆರೆಮನೆಗೆ ಹಾಕಿದ್ದರು. ಮಧ್ಯರಾತ್ರಿ ಅವರು ಹಾಡುತ್ತಿದ್ದಾಗ ಭೂಕಂಪವಾಗಿ ಬಾಗಿಲು ತೆರೆಯಿತು ಎಂಬುದು ಎಲ್ಲರಿಗೂ ನೆನಪಿರುತ್ತದೆ. ಅದರ ನಂತರದ ಸಾಲು ನನಗೆ ಇಷ್ಟ. ಕಾವಲುಗಾರ ಅದೇ ರಾತ್ರಿ ಅವರ ಗಾಯ ತೊಳೆದ, ಮನೆಗೆ ಕರೆದು ಊಟ ಹಾಕಿದ, ಮನೆಮಂದಿಯೆಲ್ಲ ಸಂತೋಷಪಟ್ಟರು.

ಹಾಗಂತ ಕಷ್ಟ ನಿಂತಿತು ಎಂದುಕೊಳ್ಳಬೇಡಿ. ಆ ವರ್ಷ ಎರಡನೇ ಸಲ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಡಲೇ ಇಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟು ಕಾದದ್ದೇ ಬಂತು. ಕೊಳೆರೋಗ ತೋಟ ತುಂಬ ಹಬ್ಬಿ, ಬೆಳಿಗ್ಗೆ ಹೋದರೆ ಮರದ ಬುಡದಲ್ಲೆಲ್ಲ ಎಳೆ ಅಡಿಕೆ ಹಾಸಿಕೊಂಡಿರುತ್ತಿತ್ತು. ಸೊಸೈಟಿ ಸಾಲ ತೀರಿಸಲು ಬಳೆ ಮಾರಿದೆ. ರಾತ್ರಿ ಲೆಕ್ಕ ಹಾಕುತ್ತ ಹೆದರಿದ್ದೂ ಉಂಟು. ಹಬಕ್ಕೂಕ ಪ್ರವಾದಿಯ ಕೊನೆಯ ಅಧ್ಯಾಯದಲ್ಲಿ, ಅಂಜೂರ ಹೂ ಬಿಡದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ, ಕೊಟ್ಟಿಗೆ ಬರಿದಾದರೂ ನಾನು ದೇವರಲ್ಲಿ ಆನಂದಿಸುತ್ತೇನೆ ಎಂಬ ಮಾತಿದೆ. ಅದನ್ನು ಉದುರಿದ ಅಡಿಕೆಯ ನಡುವೆ ನಿಂತು ಗಟ್ಟಿಯಾಗಿ ಹೇಳಿದ್ದೇನೆ. ಹೇಳುವಾಗ ಅಳು ಬಂತು, ಆದರೆ ಮಾತು ಸುಳ್ಳು ಅನಿಸಲಿಲ್ಲ.

ಭಾವನೆ ಬತ್ತುವ ದಿನಗಳು ಈಗಲೂ ಇವೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಅವರು ಎಷ್ಟೋ ದಶಕ ಒಳಗೆ ಕತ್ತಲೆಯನ್ನೇ ಅನುಭವಿಸಿದ್ದರು ಎಂದು ಜಗತ್ತಿಗೆ ಗೊತ್ತಾಯಿತು. ಆದರೂ ದಿನಾ ಎದ್ದು ಬೀದಿಗೆ ಹೋದರು, ನಗುನಗುತ್ತಾ. ಅದರಿಂದ ನನಗೆ ಧೈರ್ಯ ಬಂದಿದೆ. ಖಾಲಿ ಅನಿಸಿದ ದಿನವೂ ಕೈ ಕೆಲಸ ಮಾಡಬಹುದು.

ಈಗ ನಿಮ್ಮ ವಿಷಯ. ಒಬ್ಬರನ್ನು ಹಿಡಿಯಿರಿ. ಒಂದು ಸಲ ಅನಾಥಾಶ್ರಮಕ್ಕೆ ಹೋಗಿ ಹಣ್ಣು ಹಂಚಿ ಫೋಟೊ ತೆಗೆಸಿಕೊಂಡು ಬರುವುದನ್ನು ನಾನು ಹೇಳುತ್ತಿಲ್ಲ. ನೀವಿರುವ ಕಟ್ಟಡದಲ್ಲೇ ಮೆಟ್ಟಿಲಿಳಿಯಲಾಗದ ಅಜ್ಜ ಇರಬಹುದು, ಉತ್ತರ ಕರ್ನಾಟಕದಿಂದ ಬಂದ ವಾಚ್‌ಮನ್ ಇರಬಹುದು, ಆಫೀಸಿನಲ್ಲಿ ಯಾರೂ ಊಟಕ್ಕೆ ಕರೆಯದವರು ಇರಬಹುದು. ವಾರ ವಾರ ಅದೇ ದಿನ, ಅವರ ಹತ್ತಿರವೇ. ಮೂರನೇ ವಾರಕ್ಕೆ ಬೇಸರ ಬರುತ್ತದೆ, ಆಗಲೂ ಹೋಗಿ. ಹೋಗುವ ದಾರಿಯಲ್ಲಿ ನಾನು ಕೇಳಿದ್ದನ್ನೇ ಕೇಳಿ, ನಮ್ಮದೇ ಪ್ರೀತಿ ಬಹಳ ದೂರ ಬರುವುದಿಲ್ಲ.

ಮತ್ತೆ, ಅವರನ್ನು ನಮ್ಮ ಧರ್ಮಕ್ಕೆ ತರುವ ಲೆಕ್ಕ ಇಟ್ಟುಕೊಂಡು ಹೋಗಬೇಡಿ. ಗಾಳಕ್ಕೆ ಸಿಕ್ಕಿಸಿದ ಎರೆಗೆ ಪ್ರೀತಿ ಎಂದು ಹೆಸರಿಡಬಾರದು. ಅಜ್ಜಿ ಸಂಜೆ ತಮ್ಮ ದೇವರಿಗೆ ದೀಪ ಹಚ್ಚಿಸುತ್ತಿದ್ದರು, ಬತ್ತಿ ಹೊಸೆದು ಕೊಡುತ್ತಿದ್ದವಳು ನಾನೇ. "ನಿಮ್ಮ ಏಸುಸ್ವಾಮಿಗೂ ನನ್ನ ಕಾಲಿಂದು ಒಂದು ಹೇಳು" ಅನ್ನುತ್ತಿದ್ದರು. ಹೇಳುತ್ತಿದ್ದೆ.

2022ರಲ್ಲಿ ಅವರು ಹೋದರು. ಅಬ್ಬಿ ನೀರು ಇವತ್ತಿಗೂ ಬೇಸಿಗೆಯಲ್ಲಿ ನಮ್ಮ ಕಡೆ ಇಳಿಯುವುದಿಲ್ಲ, ಆ ವಿಷಯ ಇತ್ಯರ್ಥವಾಗಿಲ್ಲ. ಆದರೆ ಅವರ ಮಗ ಊರಿಗೆ ಬಂದಾಗಲೆಲ್ಲ ನಮ್ಮ ಜಗಲಿಗೆ ಬಂದು ಕೂತು ಕಾಫಿ ಕುಡಿದು ಹೋಗುತ್ತಾನೆ.

ಬೇರೆ ಏನಾದರೂ ಕೇಳುವುದಿದ್ದರೆ ಕೇಳಿ, ನಾಳೆ ರಾತ್ರಿ ಉತ್ತರ ಬರೆಯುತ್ತೇನೆ. ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಹಳ್ಳದಾಚೆಯ ಹೆಂಗಸಿಗೆ ಈಗ ಮಂಡಿನೋವು, ಬಗ್ಗಿ ಕಾಲು ಮುಟ್ಟಲಾಗುವುದಿಲ್ಲ. ನಾಳೆ ಸೋಮವಾರ, ಬೆಳಿಗ್ಗೆಯೇ ಕತ್ತರಿ ತಗೊಂಡು ಅಲ್ಲಿಗೆ ಹೋಗಬೇಕು.