ಮಡಿಕೇರಿಯಲ್ಲಿರುವ ನನ್ನ ಹಳೇ ಎಂಜಿಬಿ ಸ್ಪೋರ್ಟ್ಸ್ ಕಾರಿನ ಸಿಲ್ ತುಕ್ಕು ಹಿಡಿದಿದೆ. ರಿಪೇರಿಗೆ ಎಷ್ಟಾಗಬಹುದು?

ಕಾರು ನೋಡದೆ ಫೋನಿನಲ್ಲೇ ರೇಟ್ ಹೇಳುವವರನ್ನು ನಂಬಬೇಡಿ. ಇದರಲ್ಲಿ ತಗಡಿಗಿಂತ ಟಿಂಕರಿಂಗ್ ಕೂಲಿಯೇ ಜಾಸ್ತಿ. 1962ರಿಂದ 1980ರವರೆಗೆ ತಯಾರಾದ ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗಿನ ಈ ಸಿಲ್ಲೇ ಬಾಡಿಯ ಭಾರ ಹೊರಬೇಕು. ಹೊರಗೆ ಪೇಂಟ್ ಗುಳ್ಳೆ ಎದ್ದಿದೆ ಅಂದರೆ ಒಳಗಿನ ಪದರವೂ ಹೋಗಿರಬಹುದು. ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಪುಡಿಪುಡಿಯಾಗಿ ಉದುರಿದರೆ ಒಳಗಿನದ್ದನ್ನೂ ಕತ್ತರಿಸಿ ಬದಲಿಸಬೇಕು, ಖರ್ಚು ಏರುವುದೇ ಅಲ್ಲಿ.

ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ರಾಡ್ ಕೊಡುತ್ತೀರಾ ಅಂತ ಕೇಳಿ. ಕೊಡದಿದ್ದರೆ ಬಾಡಿ ಬಾಗಿ, ಆಮೇಲೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಬರೀ ಪುಟ್ಟಿ ಹಚ್ಚಿಸಿದರೆ ಸುಮ್ನೆ ದುಡ್ಡು ದಂಡ, ನಮ್ಮ ಕೊಡಗಿನ ಮಳೆಗೆ ಅದು ನಿಲ್ಲಲ್ಲ. ವೆಲ್ಡಿಂಗ್ ಆದ ಮೇಲೆ ಸಿಲ್ ಒಳಗೆ ತುಕ್ಕು ತಡೆಯುವ ವ್ಯಾಕ್ಸ್ ಹೊಡೆಸಿ, ನೀರಿಳಿಯುವ ತೂತುಗಳನ್ನು ಮುಚ್ಚಲು ಬಿಡಬೇಡಿ.